ಬೋಧನಾಭ್ಯಾಸ ಮುಗಿದ ಮೇಲೆ ಫೋನಿನಲ್ಲಿ ಉಳಿಯುವ ಮಕ್ಕಳು

ಪ್ರತಿ ವರ್ಷ ಶಾಲಾ ಇಂಟರ್ನ್‌ಶಿಪ್ ಮುಗಿದಾಗ ಪ್ರಶಿಕ್ಷಣಾರ್ಥಿಗಳಿಂದ ನಾವು ಎಲ್ಲವನ್ನೂ ಎಣಿಸಿ ತೆಗೆದುಕೊಳ್ಳುತ್ತೇವೆ. ಪಾಠಯೋಜನೆಯ ಪುಸ್ತಕ, ಸಹಪಾಠಿಗಳ ಪಾಠದ ಅವಲೋಕನ ದಾಖಲೆ, ಘಟಕ ಪರೀಕ್ಷೆಯ ನೀಲನಕ್ಷೆ, ವ್ಯಕ್ತಿ ಅಧ್ಯಯನದ ವರದಿ, ಮುಖ್ಯೋಪಾಧ್ಯಾಯರು ಸಹಿ ಮಾಡಿದ ಹಾಜರಾತಿ. ಒಂದು ಕಡಿಮೆಯಾದರೂ ಆಂತರಿಕ ಅಂಕಕ್ಕೆ ಕತ್ತರಿ ಬೀಳುತ್ತದೆ. ಆದರೆ ಅವರ ಕೈಯಲ್ಲಿರುವ ಫೋನಿನಲ್ಲಿ ಏನೇನು ಉಳಿಯಿತು ಎಂದು ಯಾರೂ ಕೇಳುವುದಿಲ್ಲ.

ಎರಡು ವರ್ಷದ ಬಿ.ಇಡಿ. ಬಂದ ಮೇಲೆ ಎರಡನೇ ವರ್ಷದಲ್ಲಿ 16 ವಾರಗಳ ಶಾಲಾನುಭವ ಕಡ್ಡಾಯವಾಗಿದೆ. ಒಬ್ಬರು ದಿನಕ್ಕೆ ಐದೇ ಚಿತ್ರ ತೆಗೆದರೂ, ವಾರಕ್ಕೆ ಆರು ದಿನದಂತೆ 480 ಚಿತ್ರಗಳಾಗುತ್ತವೆ. 50 ಜನರ ಒಂದು ತಂಡಕ್ಕೆ 24,000. ಪ್ರಾರ್ಥನೆಗೆ ನಿಂತ ಮಕ್ಕಳು, ಬಿಸಿಯೂಟಕ್ಕೆ ಕುಳಿತ ಮಕ್ಕಳು, ಕಪ್ಪುಹಲಗೆಯ ಮುಂದೆ ಲೆಕ್ಕ ತಪ್ಪಿ ನಾಲಿಗೆ ಕಚ್ಚಿಕೊಂಡ ಮಗು. ಇವರಲ್ಲಿ ಯಾರೂ ಆ ಪ್ರಶಿಕ್ಷಣಾರ್ಥಿಯ ಮಕ್ಕಳಲ್ಲ, ಪೂರ್ಣಾವಧಿಯ ವಿದ್ಯಾರ್ಥಿಗಳೂ ಅಲ್ಲ. ನಾವು ಆ ಶಾಲೆಗೆ ನಾಲ್ಕು ತಿಂಗಳ ಅತಿಥಿಗಳು. ಅತಿಥಿಯಾಗಿ ಹೋದ ಮನೆಯಿಂದ ಏನನ್ನು ಎತ್ತಿಕೊಂಡು ಬರಬಹುದು, ಏನನ್ನು ಬಾರದು ಎಂಬ ವಿಚಾರವನ್ನು ನಮ್ಮ ಬೋಧನಾಭ್ಯಾಸದ ಚರ್ಚೆಗಳಲ್ಲಿ ಎತ್ತುವ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ. ನಾನು ಮಾರ್ಗದರ್ಶನ ಮಾಡುವ ತಂಡಗಳು ಹೆಚ್ಚಾಗಿ ಶಿವಮೊಗ್ಗದ ರಾಗಿಗುಡ್ಡದ ಸುತ್ತಮುತ್ತಲಿನ ಶಾಲೆಗಳಿಗೆ, ಕೆಲವೊಮ್ಮೆ ಭದ್ರಾವತಿಗೆ ಹೋಗುತ್ತವೆ. ಹೇಳುವುದೆಲ್ಲ ಅಲ್ಲಿ ಕಂಡದ್ದರಿಂದಲೇ.

ಪ್ರಶಿಕ್ಷಣಾರ್ಥಿಗಳು ಫೋನಿನ ವಿಷಯ ಮಾತನಾಡುವುದಿಲ್ಲವೆಂದಲ್ಲ. ಬಿಡುವಿನ ವೇಳೆಯಲ್ಲಿ ಅವರ ನಡುವೆ ನಡೆಯುವ ಚರ್ಚೆಯಲ್ಲಿ ಅರ್ಧ ಭಾಗ ಅದೇ. 128 ಜಿಬಿ ಸಾಕೇ, 256 ಬೇಕೇ? ಗೂಗಲ್ ಖಾತೆಯ ಉಚಿತ 15 ಜಿಬಿ ತುಂಬಿಹೋಗಿದೆ, ಇನ್ನೊಂದು ಖಾತೆ ತೆರೆಯಲೇ, ತಿಂಗಳಿಗೆ ದುಡ್ಡು ಕಟ್ಟಲೇ? 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಚಿತ್ರಗಳನ್ನು ಲೆಕ್ಕವಿಲ್ಲದೆ ಪುಕ್ಕಟೆಯಾಗಿ ಇಡಬಹುದಿತ್ತು, ಆಗಿನ ಕಾಲ ಚೆನ್ನಾಗಿತ್ತು ಎಂಬ ನಿಟ್ಟುಸಿರೂ ಕೇಳಿಸುತ್ತದೆ. ಈಗ ವಾಟ್ಸ್ಆ್ಯಪ್‌ನ ಬ್ಯಾಕಪ್ ಕೂಡ ಆ 15 ಜಿಬಿಯೊಳಗೇ ಲೆಕ್ಕಕ್ಕೆ ಬರುವುದರಿಂದ ಗೊಣಗಾಟ ಇನ್ನೂ ಹೆಚ್ಚಾಗಿದೆ. ಚಿತ್ರಗಳನ್ನು ಎಲ್ಲಿ ಇಡುವುದು ಎಂಬುದರ ಬಗ್ಗೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟು ದಿನ ಇಡುವುದು, ಇಡಲೇಬೇಕೆ ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಕೇಳದಿರುವುದಕ್ಕೆ ಅವರು ಕಾರಣರೂ ಅಲ್ಲ. ‘ದಾಖಲೆಗೆ ಫೋಟೊ ಬೇಕು’ ಎಂದು ಕೇಳುವವರು ಪ್ರಶಿಕ್ಷಕರು.

ಈ ಕೇಳಿಕೆಗೆ ಈಚೆಗೆ ಸೇರಿಕೊಂಡಿರುವುದು ಜಿಪಿಎಸ್ ಮ್ಯಾಪ್ ಕ್ಯಾಮೆರಾ. ಓದುಗರಲ್ಲಿ ಬಹುತೇಕರಿಗೆ ಗೊತ್ತಿರುತ್ತದೆ: ಚಿತ್ರದ ಕೆಳಗೆ ಪುಟ್ಟ ನಕ್ಷೆ, ಅಕ್ಷಾಂಶ, ರೇಖಾಂಶ, ಬೀದಿಯ ವಿಳಾಸ, ದಿನಾಂಕ, ಗಂಟೆ, ನಿಮಿಷ ಎಲ್ಲ ಅಚ್ಚಾಗಿ ಬರುತ್ತದೆ. ನ್ಯಾಕ್ ಮೌಲ್ಯಾಂಕನದ ಕಡತಗಳಲ್ಲಿ ಜಿಯೊಟ್ಯಾಗ್ ಚಿತ್ರ ಕೇಳುವ ರೂಢಿ ಬಂದ ಮೇಲೆ ಕಾಲೇಜುಗಳಿಗೆ ಇದು ಒಗ್ಗಿಹೋಯಿತು. ಕಟ್ಟಡದ್ದು, ಪ್ರಯೋಗಾಲಯದ್ದು, ಗ್ರಂಥಾಲಯದ್ದು ಆದರೆ ನನ್ನ ತಕರಾರಿಲ್ಲ. ಗ್ರಂಥಾಲಯ ಎಲ್ಲಿದೆ ಎಂಬುದು ಗುಟ್ಟೇನಲ್ಲ. ಅದೇ ಅಭ್ಯಾಸವನ್ನು ನಾವು ತರಗತಿಯೊಳಕ್ಕೂ ಒಯ್ದೆವು. ಪ್ರಶಿಕ್ಷಣಾರ್ಥಿ ಆ ದಿನ ಶಾಲೆಯಲ್ಲಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಇಪ್ಪತ್ತು ಮಕ್ಕಳ ಮುಖ, ಅವರು ದಿನವೂ ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತಾರೆ ಎಂಬ ವಿವರ ಒಟ್ಟಿಗೆ ಒಂದೇ ಚಿತ್ರದಲ್ಲಿ ಸೇರುತ್ತಿವೆ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರ ಬಗ್ಗೆ ತಪ್ಪು ತಿಳಿವಳಿಕೆ ಇದೆ. ಸಾಮಾನ್ಯ ಕ್ಯಾಮೆರಾದಲ್ಲಿ ಸ್ಥಳದ ಆಯ್ಕೆ ಆನ್ ಆಗಿದ್ದರೆ ಚಿತ್ರದ ಕಡತದೊಳಗೆ ಕಣ್ಣಿಗೆ ಕಾಣದಂತೆ ಸ್ಥಳದ ಮಾಹಿತಿ ಸೇರಿಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅದನ್ನು ಚಿತ್ರವಾಗಿ ಕಳಿಸಿದರೆ ಈ ಮಾಹಿತಿ ಉದುರಿಹೋಗುತ್ತದೆ. ಆದರೆ ಸ್ಪಷ್ಟತೆ ಕೆಡಬಾರದೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತದೆ. ನಮ್ಮ ಕಾಲೇಜುಗಳ ಗುಂಪುಗಳಲ್ಲಿ ‘ಡಾಕ್ಯುಮೆಂಟ್ ಆಗಿಯೇ ಕಳಿಸಿ, ಪ್ರಿಂಟ್ ಚೆನ್ನಾಗಿ ಬರುತ್ತೆ’ ಎಂಬ ಸೂಚನೆ ಸಾಮಾನ್ಯ. ಇನ್ನು ಜಿಪಿಎಸ್ ಮ್ಯಾಪ್ ಕ್ಯಾಮೆರಾದ ಮುದ್ರೆ ಚಿತ್ರದ ಮೇಲೆಯೇ ಅಚ್ಚಾಗಿರುವುದರಿಂದ ಯಾವ ದಾರಿಯಲ್ಲಿ ಕಳಿಸಿದರೂ ಹೋಗುವುದಿಲ್ಲ. ಯಾರೋ ಸ್ಕ್ರೀನ್‌ಶಾಟ್ ತೆಗೆದರೂ ಅದರಲ್ಲಿ ಶಾಲೆಯ ಬೀದಿ ಇರುತ್ತದೆ.

ಬೀದಿ ಗೊತ್ತಾದರೆ ಏನಾಯಿತು ಎಂದು ಕೇಳುವವರಿಗೆ ರಾಗಿಗುಡ್ಡದಲ್ಲಿ ಕೆಲಸ ಮಾಡಿದವರು ಉತ್ತರ ಹೇಳಬಲ್ಲರು. 2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆಯ ದಿನ ಇಲ್ಲಿ ಕಲ್ಲು ತೂರಾಟವಾಗಿ, ನಿಷೇಧಾಜ್ಞೆ ಬಂದದ್ದು ರಾಜ್ಯಕ್ಕೆಲ್ಲ ಗೊತ್ತು. ಆ ದಿನಗಳಲ್ಲಿ ‘ರಾಗಿಗುಡ್ಡ’ ಎಂಬ ಹೆಸರು ಹೊತ್ತು ಬಂದ ಯಾವ ಚಿತ್ರವನ್ನಾಗಲಿ, ವಿಡಿಯೊವನ್ನಾಗಲಿ ಜನ ಹಿಂದೆ ಮುಂದೆ ನೋಡದೆ ಮುಂದಕ್ಕೆ ಕಳಿಸುತ್ತಿದ್ದರು. ಊರ ಹೆಸರೇ ಸುದ್ದಿಯಾಗಿಬಿಟ್ಟಿತ್ತು. ನಮ್ಮ ತಂಡಗಳು ಹೋಗುವ ತರಗತಿಗಳಲ್ಲಿ ಎಲ್ಲ ಸಮುದಾಯದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಪೆನ್ಸಿಲ್ ಕಡ ಕೊಡುತ್ತಾರೆ, ಜಗಳವಾಡುತ್ತಾರೆ. ಅಂಥ ತರಗತಿಯ ಚಿತ್ರಕ್ಕೆ ಸ್ಥಳದ ಮುದ್ರೆ ಒತ್ತಿ, ಐವತ್ತು ಜನರ ಗುಂಪಿಗೆ ಬಿಟ್ಟು, ಅದು ಅಲ್ಲಿಯೇ ಉಳಿಯುತ್ತದೆಂದು ನಂಬುವುದು ನನಗೆ ಸಾಧ್ಯವಾಗುವುದಿಲ್ಲ.

ಇನ್ನೊಂದು ಪ್ರಸಂಗ ಇನ್ನೂ ಸಣ್ಣದು, ಆದರೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅದರಿಂದಲೇ. ಗುರುತಾಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ನಡೆಸಿ, ಬಹುಮಾನ ಪಡೆದ ಮಕ್ಕಳ ಚಿತ್ರವನ್ನು ತನ್ನ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ್ದಳು. ಎರಡು ದಿನ ಕಳೆದು ಒಬ್ಬ ತಾಯಿ ಶಾಲೆಗೆ ಬಂದರು. ನಾನು ಆ ದಿನ ಪಾಠ ಅವಲೋಕನಕ್ಕೆ ಹೋಗಿದ್ದೆ.

“ಬೈಯಕ್ ಬಂದಿಲ್ಲ ಮೇಡಂ ನಾನು,” ಎಂದೇ ಮಾತು ಶುರುಮಾಡಿದರು. “ನಮ್ಮೆಜಮಾನ್ರಿಂದ ದೂರ ಬಂದು ಅಮ್ಮನ ಮನೇಲಿದ್ದೀವಿ. ಮಗಳು ಯಾವ ಸ್ಕೂಲು ಅಂತ ಅವರಿಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಗಿದೆ.”

“ಸ್ಟೇಟಸ್ ನಿನ್ನೇನೇ ಹೋಗಿದೆ ಅಮ್ಮ, ಫೋನಲ್ಲಿರೋದನ್ನೂ ಈಗ್ಲೇ ತೆಗೀತೀನಿ,” ಎಂದಳು ನಮ್ಮ ಹುಡುಗಿ. ಅವಳ ಕೈ ನಡುಗುತ್ತಿತ್ತು.

“ನೀವ್ ತೆಗೆದ್ರೆ ಆಯ್ತಾ? ಅವರಿಗೆ ಹೋಗಿರೋದು ಬೇರೆಯೋರ ಫೋನಿಂದ.”

ಸ್ಟೇಟಸ್ 24 ಗಂಟೆಯಲ್ಲಿ ತಾನಾಗಿಯೇ ಮಾಯವಾಗುತ್ತದೆ ಎಂಬ ಧೈರ್ಯ ಎಷ್ಟು ತೆಳು ಎಂಬುದು ಆ ತಾಯಿಗೆ ನಮಗಿಂತ ಮೊದಲೇ ಅರ್ಥವಾಗಿತ್ತು. ಮುಖ್ಯೋಪಾಧ್ಯಾಯರು ಸಮಾಧಾನ ಹೇಳಿದರು, ಮಗುವನ್ನು ತಾಯಿ ಅಥವಾ ಅಜ್ಜಿಯ ಜೊತೆಗಲ್ಲದೆ ಕಳಿಸುವುದಿಲ್ಲವೆಂದು ಮಾತು ಕೊಟ್ಟರು. ಎರಡು ತಿಂಗಳಾದ ಮೇಲೆ ಆ ಮಗುವಿನ ವರ್ಗಾವಣೆ ಪತ್ರ ತೆಗೆದುಕೊಂಡು ಹೋದರೆಂದು ತಿಳಿಯಿತು. ಕಾರಣ ಇದೇ ಎಂದು ನಾನು ಹೇಳಲಾರೆ. ನಮ್ಮ ಹುಡುಗಿ ಕೆಟ್ಟದ್ದೇನೂ ಬಯಸಿರಲಿಲ್ಲ. ಮಕ್ಕಳ ಚಿತ್ರಗಳ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಎರಡು ವರ್ಷದ ತರಬೇತಿಯಲ್ಲಿ ಅವಳಿಗೆ ಯಾರೂ ಒಂದು ಗಂಟೆಯಾದರೂ ಈ ವಿಷಯ ಹೇಳಿಕೊಟ್ಟಿರಲಿಲ್ಲ ಎಂಬುದಷ್ಟೇ ನನಗೆ ಮುಖ್ಯವೆನಿಸಿತು.

ಚಿತ್ರಕ್ಕಿಂತ ಅಕ್ಷರದ ದಾಖಲೆ ಹೆಚ್ಚು ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಉಡುಪಿಯಲ್ಲಿ 2022ರ ಫೆಬ್ರುವರಿಯಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಹಿಜಾಬ್ ವಿವಾದದ ನಡುವೆ ಆರು ವಿದ್ಯಾರ್ಥಿನಿಯರ ಮನೆ ವಿಳಾಸ, ಫೋನ್ ಸಂಖ್ಯೆ ಮುಂತಾದ ವಿವರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದವು. ಪೋಷಕರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಟ್ಟರು. ವಿವಾದದಲ್ಲಿ ಯಾರು ಯಾವ ಕಡೆ ನಿಂತಿದ್ದರು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೂ, ಶಿಕ್ಷಕ ವೃತ್ತಿಯಲ್ಲಿರುವ ಯಾರಿಗಾದರೂ ಇದು ನಿದ್ದೆಗೆಡಿಸಬೇಕಾದ ಸಂಗತಿ. ಹುಡುಗಿಯರ ಮನೆ ಎಲ್ಲಿದೆ, ಫೋನ್ ಯಾವುದು ಎಂಬಂಥ ವಿವರವನ್ನು ತಂದೆ ತಾಯಿ ಪ್ರವೇಶದ ಅರ್ಜಿಯಲ್ಲಿ ಬರೆದುಕೊಡುವುದು ಓದಿನ ಕೆಲಸಕ್ಕೆಂದು ನಂಬಿ.

ಈಗ ನಮ್ಮ ವ್ಯಕ್ತಿ ಅಧ್ಯಯನಕ್ಕೆ ಬರೋಣ. ‘ಸಮಸ್ಯಾತ್ಮಕ ಮಗು’ವೊಂದನ್ನು ಆರಿಸಿಕೊಂಡು ಅದರ ಹೆಸರು, ಜಾತಿ, ತಂದೆಯ ಉದ್ಯೋಗ, ಕುಟುಂಬದ ವರಮಾನ, ಮನೆಯ ವಾತಾವರಣ, ಕಲಿಕೆಯ ತೊಡಕು, ನಡವಳಿಕೆ ಇವನ್ನೆಲ್ಲ ಬರೆಯಬೇಕು. ನಾನು ಓದಿದ ವರದಿಗಳಲ್ಲಿ ‘ತಂದೆ ಕುಡಿದು ಬಂದು ಹೊಡೆಯುತ್ತಾರೆ’, ‘ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವ ಅಭ್ಯಾಸವಿದೆ’, ‘ಒಮ್ಮೆ ಪಕ್ಕದವರ ಹಣ ಕದ್ದಿದ್ದಾನೆ’ ಎಂಬಂಥ ವಾಕ್ಯಗಳು, ಮೇಲ್ಭಾಗದಲ್ಲಿ ಮಗುವಿನ ಪೂರ್ಣ ಹೆಸರು, ಪಕ್ಕದಲ್ಲಿ ಅಂಟಿಸಿದ ಫೋಟೊ ಇರುತ್ತವೆ. ಮಗು ನಂಬಿ ಹೇಳಿದ ಮಾತು. ಮೊದಲು ಇದನ್ನು ಕೈಯಲ್ಲಿ ಬರೆಯುತ್ತಿದ್ದರು. ಕಾಲೇಜಿನ ಬೀರುವಿನಲ್ಲಿ ಕೆಲವು ವರ್ಷ ಇದ್ದು, ಧೂಳು ಹಿಡಿದು, ಗೆದ್ದಲು ತಿಂದು, ಕೊನೆಗೆ ರದ್ದಿಗೆ ಹೋಗುತ್ತಿತ್ತು. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಡೆಯುತ್ತಿದ್ದ ಕಾಲದ ಆ ದಾಖಲೆಗಳ ಗತಿಯನ್ನು ಯಾರೂ ಆದರ್ಶವೆನ್ನಲಾರರು, ಆದರೆ ಅದರ ನಕಲು ಒಂದೇ ಇರುತ್ತಿತ್ತು.

ಈಗ ಎಷ್ಟು ನಕಲುಗಳೆಂದು ಎಣಿಸಿ. ಪ್ರಶಿಕ್ಷಣಾರ್ಥಿ ಫೋನಿನಲ್ಲಿ ಟೈಪ್ ಮಾಡುತ್ತಾರೆ. ಅದು ಅವರ ಗೂಗಲ್ ಡ್ರೈವ್‌ನಲ್ಲಿ ಉಳಿಯುತ್ತದೆ. ನಮೂನೆ ಕೇಳಿದ ಗೆಳತಿಗೆ ಕಳಿಸುತ್ತಾರೆ. ಪ್ರಿಂಟ್ ತೆಗೆಸಲು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸುತ್ತಾರೆ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದೇ ಇರುತ್ತದೆ, ಕಡತ ಡೌನ್‌ಲೋಡ್ ಫೋಲ್ಡರಿಗೆ ಬೀಳುತ್ತದೆ, ಮುಂದಿನ ಗಿರಾಕಿ ತನ್ನ ಕಡತ ಹುಡುಕುವಾಗ ಅದೇ ಪರದೆಯ ಮೇಲೆ ಇದೂ ಕಾಣುತ್ತದೆ. ಕಾಲೇಜಿನ ಡ್ರೈವ್ ಫೋಲ್ಡರಿಗೂ ಒಂದು ಪ್ರತಿ ಹೋಗುತ್ತದೆ, ಆ ಫೋಲ್ಡರಿನ ಕೊಂಡಿಯನ್ನು ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂಬ ಆಯ್ಕೆಯಲ್ಲಿಟ್ಟು ಗುಂಪಿನಲ್ಲಿ ಹಂಚಿರುತ್ತಾರೆ. ವಾಟ್ಸ್ಆ್ಯಪ್‌ನ ಸಂದೇಶಗಳು 2016ರಿಂದ ಗೂಢಲಿಪಿಯಲ್ಲಿ ಹೋಗುತ್ತವೆ, ನಡುವೆ ಯಾರೂ ಓದಲಾರರು ಎಂದು ಪ್ರಶಿಕ್ಷಣಾರ್ಥಿಗಳು ನನಗೆ ಹೇಳುತ್ತಾರೆ. ನಿಜ. ಆದರೆ ಕಳಿಸುವ ದಾರಿಗೆ ಬೀಗ ಹಾಕಿದ ಮಾತ್ರಕ್ಕೆ ತಲುಪಿದ ಮನೆಯ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಆ ಸಂದೇಶಗಳ ಬ್ಯಾಕಪ್‌ಗೆ ಗೂಢಲಿಪಿಯ ರಕ್ಷಣೆ ಬೇಕಾದರೆ ಅದನ್ನು ನಾವೇ ಸೆಟ್ಟಿಂಗ್‌ಗೆ ಹೋಗಿ ಆರಿಸಿಕೊಳ್ಳಬೇಕು, ಎಷ್ಟು ಜನ ಆರಿಸಿಕೊಂಡಿದ್ದಾರೆಂದು ನಿಮ್ಮ ತರಗತಿಯಲ್ಲಿ ಕೈ ಎತ್ತಿಸಿ ನೋಡಿ.

ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ಪ್ರಕಾರ, ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಅಥವಾ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಶಾಲೆ ಮುಂತಾಗಿ ಗುರುತು ಸಿಗುವಂಥದ್ದನ್ನು ಮಾಧ್ಯಮಗಳಲ್ಲಿ ಪ್ರಕಟಿಸುವಂತಿಲ್ಲ. ವ್ಯಕ್ತಿ ಅಧ್ಯಯನದ ವರದಿ ಪತ್ರಿಕೆಯಲ್ಲ, ಒಪ್ಪುತ್ತೇನೆ. ಆದರೆ ನಾವು ವ್ಯಕ್ತಿ ಅಧ್ಯಯನಕ್ಕೆ ಆರಿಸುವ ಮಕ್ಕಳಲ್ಲಿ ಎಷ್ಟೋ ಜನ ಅಂಥದೇ ಪರಿಸ್ಥಿತಿಯಲ್ಲಿರುವವರು. ಆ ಕಾನೂನು ಯಾಕೆ ‘ಶಾಲೆ’ಯ ಹೆಸರನ್ನೂ ಪಟ್ಟಿಗೆ ಸೇರಿಸಿತು ಎಂದು ಶಿಕ್ಷಕರಾದವರು ಯೋಚಿಸಬೇಕು. ಶಾಲೆ ತಿಳಿದರೆ ಮಗುವನ್ನು ಹುಡುಕುವುದು ಅರ್ಧ ಗಂಟೆಯ ಕೆಲಸ.

ಇನ್ನೊಂದು ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಕಂಪ್ಯೂಟರ್ ಬರುತ್ತದೆಂದು ಕೆಲವು ಶಾಲೆಗಳು ಅವರನ್ನು ಎಸ್‌ಎಟಿಎಸ್ ಮಾಹಿತಿ ತುಂಬಲು ಕೂರಿಸುತ್ತವೆ. ಶಾಲೆಗಳ ಕಷ್ಟ ನನಗೆ ಗೊತ್ತು. ಮೂವರು ಶಿಕ್ಷಕರು ಏಳು ತರಗತಿ ನೋಡಿಕೊಂಡು, ಮೊಟ್ಟೆಯ ಲೆಕ್ಕ ಬರೆದು, ಮೇಲಿಂದ ಬರುವ ಮಾಹಿತಿ ಕೋರಿಕೆಗಳಿಗೂ ಉತ್ತರಿಸಬೇಕು. ಆದರೂ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟು ಇಡೀ ಶಾಲೆಯ ಮಕ್ಕಳ ಹೆಸರು, ಜಾತಿ, ಪೋಷಕರ ವಿವರ ಇರುವ ಖಾತೆಯನ್ನು ನಾಲ್ಕು ತಿಂಗಳ ಅತಿಥಿಗೆ ಒಪ್ಪಿಸಬಾರದು. ಒಲ್ಲೆ ಎನ್ನಲು ಪ್ರಶಿಕ್ಷಣಾರ್ಥಿಗೆ ಧೈರ್ಯ ಸಾಲದು, ಏಕೆಂದರೆ ಹಾಜರಾತಿಗೆ ಸಹಿ ಮಾಡುವವರು ಅದೇ ಮುಖ್ಯೋಪಾಧ್ಯಾಯರು. ಒಲ್ಲೆ ಎನ್ನಬೇಕಾದದ್ದು ಕಾಲೇಜು, ಅದೂ ಮೊದಲೇ, ಪತ್ರದ ಮೂಲಕ.

ದೊಡ್ಡ ಸಂಸ್ಥೆಗಳೇ ಎಡವುತ್ತವೆ ಎಂಬುದಕ್ಕೆ ಶಿಕ್ಷಕರಾದ ನಮಗೆ ಹತ್ತಿರದ ಉದಾಹರಣೆ ದೀಕ್ಷಾ ಆ್ಯಪ್. ಕ್ಲೌಡ್‌ನಲ್ಲಿದ್ದ ಅದರ ಒಂದು ಸಂಗ್ರಹವನ್ನು ರಕ್ಷಣೆಯಿಲ್ಲದೆ ತೆರೆದಿಟ್ಟಿದ್ದರಿಂದ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ಸಂಖ್ಯೆ, ಇಮೇಲ್, ಜೊತೆಗೆ ಸುಮಾರು 6 ಲಕ್ಷ ವಿದ್ಯಾರ್ಥಿಗಳ ಮಾಹಿತಿ ಬಯಲಿಗೆ ಸಿಗುವಂತಿತ್ತು ಎಂದು ‘ವೈರ್ಡ್’ ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ಬೀಗ ಒಡೆದವರು ಯಾರೂ ಇರಲಿಲ್ಲ, ಬೀಗವನ್ನೇ ಹಾಕಿರಲಿಲ್ಲ. ತಜ್ಞರಿರುವ ಕಡೆಯೇ ಹೀಗಾದರೆ, ನಮ್ಮ ಕಾಲೇಜಿನ ಡ್ರೈವ್ ಫೋಲ್ಡರನ್ನು ನೋಡಿಕೊಳ್ಳುವ ಅತಿಥಿ ಉಪನ್ಯಾಸಕರು ವರ್ಷಾಂತ್ಯದಲ್ಲಿ ಕೆಲಸ ಬಿಟ್ಟು ಹೋದಾಗ ಆ ಫೋಲ್ಡರ್ ಯಾರ ಖಾತೆಯಲ್ಲಿ ಉಳಿಯುತ್ತದೆ?

ಕಾನೂನಿನ ಮಾತು ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವ ಹೆಸರು ಕೆ.ಎಸ್. ಪುಟ್ಟಸ್ವಾಮಿ ಅವರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅವರು 2024ರಲ್ಲಿ ತೀರಿಕೊಂಡರು. ದೇಶದ ಖಾಸಗಿತನದ ಕಾನೂನೆಲ್ಲ ಇಂದು ಒಬ್ಬ ಕನ್ನಡಿಗರ ಹೆಸರಿನ ತೀರ್ಪಿನ ಮೇಲೆ ನಿಂತಿದೆ. ಇದು ನಮ್ಮ ಸಮಾಜ ವಿಜ್ಞಾನದ ಪಾಠಯೋಜನೆಗಳಲ್ಲಿ ಕಾಣದಿರುವುದು ನನಗೆ ಬೇಸರದ ಸಂಗತಿ. ಅದರ ಮುಂದುವರಿಕೆಯಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಗು ಎಂದು ಕರೆಯುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಕೇಳುತ್ತದೆ, ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆನ್ನುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶವಿದೆ. ಸ್ವಂತ, ಮನೆಮಟ್ಟಿಗಿನ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಅಂಕಕ್ಕಾಗಿ, ಕಾಲೇಜು ಕೇಳಿತೆಂದು ತೆಗೆದ ಮಕ್ಕಳ ಚಿತ್ರ ಮನೆಮಟ್ಟಿಗಿನ ಬಳಕೆ ಹೇಗಾದೀತು? ದಂಡದ ಭಯಕ್ಕೆ ನಾನು ಇದನ್ನೆಲ್ಲ ಬರೆಯುತ್ತಿಲ್ಲ. ರಾಗಿಗುಡ್ಡದ ಆ ತಾಯಿಗೆ ಕಾಯ್ದೆಯ ಹೆಸರು ಗೊತ್ತಿರಲಿಲ್ಲ, ಅವರ ಮಾತಿನಲ್ಲಿದ್ದ ನ್ಯಾಯಕ್ಕೆ ಅದರ ಅಗತ್ಯವೂ ಇರಲಿಲ್ಲ.

ಸಹೋದ್ಯೋಗಿಗಳು ನನಗೆ ಹೇಳುವ ಆಕ್ಷೇಪಗಳಲ್ಲಿ ಎರಡನ್ನು ನಾನು ಗೌರವಿಸುತ್ತೇನೆ. ಮೊದಲನೆಯದು, ವಿಡಿಯೊ ಇಲ್ಲದೆ ಬೋಧನೆ ತಿದ್ದಿಕೊಳ್ಳುವುದು ಹೇಗೆ ಎಂಬುದು. ಇದು ಸರಿಯಾದ ಪ್ರಶ್ನೆ. ಸೂಕ್ಷ್ಮ ಬೋಧನೆ 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರಿಂದ ರೂಪುಗೊಂಡಾಗಲೇ ಅದರ ಜೊತೆಗೆ ವಿಡಿಯೊ ಇತ್ತು. ಪಾಠ ಮಾಡಿ, ನೋಡಿ, ತಿದ್ದಿ, ಮತ್ತೆ ಮಾಡುವುದು ಅದರ ತಿರುಳು. ತಾನು ಹಲಗೆಗೆ ಮುಖ ಮಾಡಿ ಮಾತನಾಡುತ್ತೇನೆ, ಎಡಬದಿಯ ಸಾಲನ್ನು ನೋಡುವುದೇ ಇಲ್ಲ ಎಂಬುದು ಪ್ರಶಿಕ್ಷಣಾರ್ಥಿಗೆ ಹತ್ತು ಸಲ ಹೇಳಿದರೂ ತಿಳಿಯದು, ಎರಡು ನಿಮಿಷದ ವಿಡಿಯೊ ತೋರಿಸಿದರೆ ತಿಳಿಯುತ್ತದೆ. ಅದಕ್ಕೆ ನಾನು ವಿಡಿಯೊವನ್ನು ಬಿಡಿಸುವುದಿಲ್ಲ. ಫೋನನ್ನು ಕೊನೆಯ ಬೆಂಚಿನ ಹಿಂದೆ ಇಡಿಸುತ್ತೇನೆ. ಶಿಕ್ಷಕಿಯ ಮುಖ ಕಾಣುತ್ತದೆ, ಮಕ್ಕಳ ಬೆನ್ನು ಮಾತ್ರ ಕಾಣುತ್ತದೆ. ಅದೇ ದಿನ ಸಂಜೆ ಒಟ್ಟಿಗೆ ಕೂತು ನೋಡುತ್ತೇವೆ, ಟಿಪ್ಪಣಿ ಬರೆದುಕೊಳ್ಳುತ್ತೇವೆ, ಅಲ್ಲಿಯೇ ಅಳಿಸುತ್ತೇವೆ. ಮುಂದಿನ ಪಾಠಕ್ಕೆ ಬೇಕಾದದ್ದು ಟಿಪ್ಪಣಿ. ವಿಡಿಯೊವನ್ನು ಎರಡನೆಯ ಸಲ ನೋಡಿದ ಒಬ್ಬರನ್ನೂ ನಾನು ಕಂಡಿಲ್ಲ.

ಎರಡನೆಯದು, ಪೋಷಕರೇ ತಮ್ಮ ಮಕ್ಕಳ ಚಿತ್ರಗಳನ್ನು ದಿನವೂ ಸ್ಟೇಟಸ್‌ಗೆ ಹಾಕುತ್ತಾರಲ್ಲ, ನಮಗೆ ಮಾತ್ರ ಈ ಮಡಿ ಯಾಕೆ ಎಂಬುದು. ಹಾಕುತ್ತಾರೆ. ಹಾಕುವವರಿಗೆ ತಮ್ಮ ಫೋನಿನಲ್ಲಿ ಯಾರ ನಂಬರ್ ಇದೆ, ಯಾರದಿಲ್ಲ ಎಂಬುದು ಗೊತ್ತು. ಯಾರಿಂದ ಬಚ್ಚಿಡಬೇಕೆಂಬುದೂ ಗೊತ್ತು. ನಮಗೆ ಅದು ಗೊತ್ತಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ. ‘ಫೋಟೊ ತೆಗೆಯಲೇ ಮಕ್ಕಳೇ?’ ಎಂದು ಕೇಳಿದರೆ ನಲವತ್ತು ಮಕ್ಕಳೂ ‘ಹೂಂ ಮಿಸ್’ ಎನ್ನುತ್ತಾರೆ. ಅಂಕ ಕೊಡುವವರ ಎದುರು ನಿಂತ ಮಗುವಿನ ‘ಹೂಂ’ ಎಂಬುದನ್ನು ಒಪ್ಪಿಗೆಯೆಂದು ಹಿಡಿಯುವುದು ಶಿಕ್ಷಕರಿಗೆ ಒಪ್ಪುವ ಮಾತಲ್ಲ.

‘ಫೋಟೊ ಇಲ್ಲದಿದ್ದರೆ ಶಾಲೆಗೆ ಹೋಗದೆಯೇ ದಾಖಲೆ ತಯಾರಿಸುತ್ತಾರೆ’ ಎಂಬ ಮೂರನೆಯ ಆಕ್ಷೇಪವೂ ಉಂಟು. ಅದಕ್ಕೆ ನನ್ನ ಉತ್ತರ ಸ್ವಲ್ಪ ಒರಟಾದದ್ದು. ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋಗಿದ್ದಾರೆಯೇ ಎಂದು ತಿಳಿಯಬೇಕಾದರೆ ಪ್ರಶಿಕ್ಷಕರು ಶಾಲೆಗೆ ಹೋಗಬೇಕು. ನಾವು ಹೋಗದೆ ಉಳಿದ ದಿನಗಳ ಸಾಕ್ಷಿಯನ್ನು ಮಕ್ಕಳ ಮುಖದಿಂದ ತುಂಬಿಸಿಕೊಳ್ಳುವುದು ಸಲ್ಲದು. ಖಾಲಿ ತರಗತಿಯ ಹಲಗೆಯ ಮೇಲಿನ ಆ ದಿನದ ಬರಹದ ಚಿತ್ರ, ಮಾರ್ಗದರ್ಶಕ ಶಿಕ್ಷಕರ ಸಹಿ ಇರುವ ಪಾಠಯೋಜನೆ ಇಷ್ಟು ಸಾಕು.

ಈ ವರ್ಷದ ತಂಡಗಳನ್ನು ಕಳಿಸುವ ಮೊದಲು ಶಾಲೆಗಳಿಗೆ ಬರೆಯುವ ಪತ್ರದಲ್ಲಿ ಎರಡು ವಾಕ್ಯ ಸೇರಿಸೋಣವೆಂದು ನಮ್ಮ ಸಭೆಯಲ್ಲಿ ಕೇಳಿದ್ದೇನೆ: ಪ್ರಶಿಕ್ಷಣಾರ್ಥಿಗಳು ಮಕ್ಕಳ ಮುಖ ಕಾಣುವ ಚಿತ್ರ ತೆಗೆಯುವುದಿಲ್ಲ, ಮತ್ತು ಶಾಲೆಯ ಯಾವುದೇ ಆನ್‌ಲೈನ್ ಖಾತೆಯನ್ನು ಬಳಸುವುದಿಲ್ಲ. ವ್ಯಕ್ತಿ ಅಧ್ಯಯನದಲ್ಲಿ ಮಗುವಿನ ಹೆಸರಿನ ಬದಲು ‘ಕ’, ‘ಗ’ ಎಂಬ ಅಕ್ಷರ ಇರಲಿ. ಯಾವ ಅಕ್ಷರ ಯಾವ ಮಗು ಎಂಬ ಚೀಟಿ ಮುಖ್ಯೋಪಾಧ್ಯಾಯರ ಬಳಿಯೇ ಉಳಿಯಲಿ. ಜಾತಿ, ವರಮಾನದ ಕಾಲಂಗಳನ್ನು ಆ ಅಧ್ಯಯನಕ್ಕೆ ಅಗತ್ಯವಿದ್ದರೆ ಮಾತ್ರ ತುಂಬಲಿ. ಪ್ರಿಂಟಿಗೆ ಜೆರಾಕ್ಸ್ ಅಂಗಡಿಗೆ ಕಳಿಸುವ ಬದಲು ಕಾಲೇಜಿನ ಪ್ರಿಂಟರ್ ಬಳಸಲಿ, ಕಾಗದದ ಖರ್ಚನ್ನು ಕಾಲೇಜು ಹೊರಲಿ.

ಜೊತೆಗೆ ಇಂಟರ್ನ್‌ಶಿಪ್‌ನ ಕೊನೆಯ ವಾರದಲ್ಲಿ ಒಂದು ಪೀರಿಯಡ್ ಎಲ್ಲರೂ ಒಟ್ಟಿಗೆ ಕೂತು ಅಳಿಸುವ ಕೆಲಸ ಮಾಡಬೇಕು. ಇದು ಕಾಣುವಷ್ಟು ಸುಲಭವಲ್ಲ, ಅದಕ್ಕೇ ಕಲಿಸಬೇಕೆನ್ನುತ್ತೇನೆ. ಗ್ಯಾಲರಿಯಲ್ಲಿ ಅಳಿಸಿದ್ದು ಮೊದಲು ಬಿನ್‌ಗೆ ಹೋಗುತ್ತದೆ. ಬ್ಯಾಕಪ್ ಆದ ಚಿತ್ರ ಗೂಗಲ್ ಫೋಟೋಸ್‌ನ ಬಿನ್‌ನಲ್ಲಿ 60 ದಿನ, ಡ್ರೈವ್‌ನ ಕಡತ ಅಲ್ಲಿಯ ಬಿನ್‌ನಲ್ಲಿ 30 ದಿನ ಇರುತ್ತದೆ, ಬಿನ್ ಅನ್ನೂ ಖಾಲಿ ಮಾಡಬೇಕು. ವಾಟ್ಸ್ಆ್ಯಪ್‌ನಲ್ಲಿ ‘ಎಲ್ಲರಿಗೂ ಅಳಿಸು’ ಎಂಬುದು ಕಳಿಸಿ ಸುಮಾರು ಎರಡು ದಿನದ ತನಕ ಮಾತ್ರ ನಡೆಯುತ್ತದೆ, ಆಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲೇ ಅಳಿಸಬೇಕು. ಅದಕ್ಕೇ ಒಟ್ಟಿಗೆ ಕೂರಬೇಕೆಂದದ್ದು. ಮೆಮೊರಿ ಕಾರ್ಡು, ಪೆನ್‌ಡ್ರೈವ್‌ಗಳಿಂದ ಅಳಿಸಿದ್ದನ್ನು ಸಾಮಾನ್ಯ ತಂತ್ರಾಂಶದಿಂದಲೂ ಮರಳಿ ಪಡೆಯಬಹುದಾದ್ದರಿಂದ, ಹಳೆಯ ಫೋನು ಮಾರುವಾಗ ಕಾರ್ಡನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಸಭೆಯಲ್ಲಿ ಹೆಚ್ಚಿನವರು ಒಪ್ಪಿದರು. ಒಂದು ವಿಷಯದಲ್ಲಿ ಮಾತ್ರ ಜಗಳ ಮುಗಿದಿಲ್ಲ: ಬೀಳ್ಕೊಡುಗೆಯ ದಿನದ ಗುಂಪು ಚಿತ್ರ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಕೈಯಲ್ಲಿ ದಾಸವಾಳವೋ ಚೆಂಡುಹೂವೋ ಹಿಡಿದು ಬಂದಿರುತ್ತಾರೆ. ಕೆಲವರು ಅಳುತ್ತಾರೆ, ಪ್ರಶಿಕ್ಷಣಾರ್ಥಿಗಳಂತೂ ಅಳುತ್ತಾರೆ. ಅದನ್ನು ಬೇಡವೆನ್ನಲು ನನಗೂ ಮನಸ್ಸಿಲ್ಲ. ನನ್ನ ಸಲಹೆ ಇಷ್ಟು: ಮನೆಯಲ್ಲಿ ಕೇಳಿಕೊಂಡು ಬರುವಂತೆ ಮಕ್ಕಳಿಗೆ ಒಂದು ವಾರ ಮೊದಲೇ ಹೇಳುವುದು, ಬೇಡವೆಂದವರ ಮಕ್ಕಳು ಹೂವು ಹಂಚುವ ಕೆಲಸಕ್ಕೆ ನಿಲ್ಲುವುದು, ಒಂದೇ ಫೋನಿನಲ್ಲಿ ಒಂದೇ ಚಿತ್ರ ತೆಗೆದು, ಪೇಟೆಯ ಸ್ಟುಡಿಯೊದಲ್ಲಿ ಎದುರು ನಿಂತು ಎರಡು ಪ್ರತಿ ಹಾಕಿಸಿ ಅಳಿಸುವುದು. ಒಂದು ಶಾಲೆಯ ಗೋಡೆಗೆ, ಇನ್ನೊಂದು ನಮ್ಮ ಕಾಲೇಜಿನ ಬೋಧನಾಭ್ಯಾಸದ ಕೊಠಡಿಗೆ. ‘ಹುಡುಗಿಯರಿಗೆ ತಲಾ ಒಂದು ಬೇಕಲ್ಲ ಮೇಡಂ’ ಎನ್ನುತ್ತಾರೆ ನಮ್ಮ ಗಣಿತದ ಸಹೋದ್ಯೋಗಿ. ಫ್ರೇಮಿನ ದುಡ್ಡು ಯಾರು ಕೊಡುತ್ತಾರೆಂಬುದೂ ಇನ್ನೂ ತೀರ್ಮಾನವಾಗಿಲ್ಲ.